ಲಾರಿ ನಿಲ್ದಾಣದ ಕೇಳಮ್ಮ

ಬೆಳಕು ಇನ್ನೂ ಹರಿದಿಲ್ಲ. ಊರಾಚೆಯ ಲಾರಿ ನಿಲ್ದಾಣಕ್ಕೆ ರಾತ್ರಿಯಿಡೀ ಓಡಿದ ಗಾಡಿಗಳು ಒಂದರ ಹಿಂದೊಂದು ಬಂದು ಸೇರುತ್ತಿವೆ. ಬ್ರೇಕಿನ ಗಾಳಿ ಬುಸ್ಸೆಂದು ಹೊರಬೀಳುತ್ತದೆ, ಎಂಜಿನ್ನು ಎರಡು ಸಲ ಕೆಮ್ಮಿ ಸುಮ್ಮನಾಗುತ್ತದೆ. ಲಾರಿ ತೂಗುವ ವೇಬ್ರಿಡ್ಜಿನ ಪಕ್ಕ ಒಂದು ಪಂಕ್ಚರ್ ಅಂಗಡಿ, ಅದರ ಹಿಂದೆ ಹಳೇ ಟೈರು ಪೇರಿಸಿಡುತ್ತಿದ್ದ ಕೋಣೆ. ಐವತ್ತು ದಾಟಿದ ಹೆಂಗಸೊಬ್ಬರು ಆ ಕೋಣೆಯ ಬೀಗ ತೆಗೆದು, ನೆಲ ಗುಡಿಸಿ, ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಒರೆಸುತ್ತಿದ್ದಾರೆ. ಕುರ್ಚಿಗಳನ್ನು ಎದುರುಬದುರು ಹಾಕುವುದಿಲ್ಲ. ಎರಡಕ್ಕೂ ಬಾಗಿಲ ಕಡೆಗೇ ಮುಖ, ಬಸ್ಸಿನ ಸೀಟಿನ ಹಾಗೆ.

“ಮುಖಕ್ಕೆ ಮುಖ ಕೊಟ್ಟು ಕೂತ್ರೆ ಅದು ವಿಚಾರಣೆ ಆಗುತ್ತೆ. ಪಕ್ಕಪಕ್ಕ ಕೂತ್ರೆ ಪ್ರಯಾಣ ಆಗುತ್ತೆ. ಡ್ರೈವರುಗಳಿಗೆ ಮುಂದಕ್ಕೆ ನೋಡ್ಕೊಂಡೇ ಮಾತಾಡಿ ಅಭ್ಯಾಸ” ಎನ್ನುತ್ತಾ ಅವರು ಫ್ಲಾಸ್ಕಿನಿಂದ ಟೀ ಬಗ್ಗಿಸುತ್ತಾರೆ.

ಹೊರಗೆ ಒಬ್ಬ ಚಾಲಕ ಗಾಡಿಯಿಂದಿಳಿದು ಸೊಂಟ ಹಿಡಿದು ನಿಂತಿದ್ದಾನೆ. ಕಣ್ಣು ಕೆಂಡದಂತಿದೆ, ಆದರೆ ರೆಪ್ಪೆ ಮುಚ್ಚುತ್ತಿಲ್ಲ. ಮೈ ಮಲಗು ಎನ್ನುತ್ತಿದೆ, ತಲೆ ಇನ್ನೂ ಗೇರ್ ಬದಲಿಸುತ್ತಿದೆ. ಆತ ಸೀದಾ ಬಂದು ಖಾಲಿ ಕುರ್ಚಿಯಲ್ಲಿ ಕೂರುತ್ತಾನೆ. ಟೀ ಲೋಟ ಕೈಗೆ ಬಂದ ಮೇಲೆ ಬಾಗಿಲಾಚೆ ನೋಡುತ್ತಾ, “ಕೇಳಮ್ಮ…” ಎಂದು ಶುರು ಮಾಡುತ್ತಾನೆ.

ಇಲ್ಲಿಗೆ ಬರುವವರೆಲ್ಲ ಹಾಗೇ ಶುರು ಮಾಡುತ್ತಾರೆ. “ಕೇಳಮ್ಮ, ನನ್ನ ಕಥೆ ಬೇರೆ.” “ಕೇಳಮ್ಮ, ನಾನೇನು ಚಟಕ್ಕೆ ತಗೊಳ್ಳಲ್ಲ.” ಹೀಗೆ ಎಲ್ಲರ ಬಾಯಿಂದ ಮೊದಲು ಬೀಳುವ ಮಾತೇ ಅವರ ಹೆಸರಾಗಿಬಿಟ್ಟಿದೆ. ಕೇಳುವವರು, ಅಂದರೆ ಪ್ರಶ್ನೆ ಹಾಕುವವರೂ ಹೌದು, ಕಿವಿ ಕೊಡುವವರೂ ಹೌದು. ನಿಲ್ದಾಣದಲ್ಲಿ ಯಾರನ್ನು ಬೇಕಾದರೂ ವಿಚಾರಿಸಿ, ಕೇಳಮ್ಮನ ಕೋಣೆ ತೋರಿಸುತ್ತಾರೆ.

ಸರ್ಕಾರಿ ಕಾಗದದಲ್ಲಿ ಅವರ ಹುದ್ದೆಗೆ ಭಾರೀ ಹೆಸರಿದೆ: ಸಲಹೆಗಾರರು, ಮಾದಕ ವಸ್ತು ಬಳಕೆಯ ರಾಷ್ಟ್ರೀಯ ಅಧ್ಯಯನ. ದೇಶದಲ್ಲಿ ಕಳ್ಳದಾರಿಯಲ್ಲಿ ಸಿಗುವ ಅಮಲು ಪದಾರ್ಥಗಳನ್ನು ಯಾರು, ಯಾಕೆ ತೆಗೆದುಕೊಳ್ಳುತ್ತಾರೆ, ಬಿಡಬೇಕೆಂದವರು ಎಲ್ಲಿಗೆ ಹೋಗುತ್ತಾರೆ ಎಂದು ತಿಳಿದು ಹೇಳುವುದು ಅವರ ಕೆಲಸ. ಆರೋಗ್ಯ ಇಲಾಖೆ ಒಂದು ವರ್ಷದ ಕರಾರಿನ ಮೇಲೆ ಅವರನ್ನು ನೇಮಿಸಿಕೊಂಡಿತು. ಸಲಹೆಗಾರರೆಂದರೆ ಕೋಟು, ಟೈ, ತಣ್ಣನೆಯ ಕೋಣೆ ಎಂದುಕೊಂಡವರಿಗೆ ಕೇಳಮ್ಮನನ್ನು ನೋಡಿದರೆ ನಿರಾಸೆಯಾಗುತ್ತದೆ. ಬಗಲಲ್ಲಿ ಬಟ್ಟೆ ಚೀಲ, ಕಾಲಿಗೆ ರಬ್ಬರ್ ಚಪ್ಪಲಿ, ಮಂಡಿಗೆ ಸುತ್ತಿದ ಪಟ್ಟಿ.

ಅದಕ್ಕೆ ಮೊದಲು ಅವರು ದೊಡ್ಡಾಸ್ಪತ್ರೆಯ ಔಷಧಿ ಕೌಂಟರಿನಲ್ಲಿದ್ದರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸಣ್ಣ ಕಿಂಡಿಯಾಚೆಯಿಂದ ಜನರ ಕೈಗಳನ್ನಷ್ಟೇ ನೋಡಿದವರು. ಚೀಟಿ ಇಲ್ಲದೆ ನೋವಿನ ಮಾತ್ರೆ ಬೇಡುವ ಕೈ, ನಡುಗುವ ಕೈ, ಮಗುವಿನ ಹೆಸರಲ್ಲಿ ತನಗೇ ಸಿರಪ್ಪು ಒಯ್ಯುವ ಕೈ. “ಮುಖ ಕಾಣ್ತಿರಲಿಲ್ಲ. ಒಂದಿನವಾದರೂ ಕಿಂಡಿಯಿಂದ ಆಚೆ ಬಂದು ಇವರ ಪಕ್ಕ ಕೂರಬೇಕು ಅಂತ ಅನ್ನಿಸ್ತಿತ್ತು” ಎನ್ನುತ್ತಾರೆ. ಸಲಹೆಗಾರರು ಬೇಕೆಂಬ ಜಾಹೀರಾತು ಕಂಡಾಗ ಅದರಲ್ಲಿ ಡಾಕ್ಟರೇಟ್ ಆಗಿರಬೇಕು ಎಂದಿತ್ತು. ಅದರ ಮುಂದೆ ‘ಅಥವಾ ತತ್ಸಮಾನ ಅನುಭವ’ ಎಂದೂ ಇತ್ತು. “ಆ ‘ಅಥವಾ’ ಅನ್ನೋ ಸಂದಿಯಲ್ಲೇ ನುಸುಳಿ ಒಳಗೆ ಬಂದವಳು ನಾನು” ಎಂದು ನಗುತ್ತಾರೆ.

ಸಂದರ್ಶನದ ದಿನ ಮೇಜಿನಾಚೆ ಕೂತಿದ್ದವರಲ್ಲಿ ಒಬ್ಬರು, ದೇಶದಲ್ಲಿ ಅಮಲು ಪದಾರ್ಥ ಬಳಸುವವರು ಎಷ್ಟು ಮಂದಿ ಇರಬಹುದು ಎಂದು ಕೇಳಿದರು. ಇವರಿಗಿಂತ ಮೊದಲು ಹೋದ ಅಭ್ಯರ್ಥಿಗಳು ಅಂಕಿಅಂಶದ ಬಣ್ಣದ ಚಿತ್ರ ತೋರಿಸಿ ಬಂದಿದ್ದರು. ಇವರು, “ಗೊತ್ತಿಲ್ಲ ಸರ್. ಗೊತ್ತಿದ್ದಿದ್ರೆ ನೀವ್ಯಾಕೆ ಜನ ಹುಡುಕ್ತಿದ್ರಿ?” ಎಂದರು. ಸಮಿತಿಯ ಅಧ್ಯಕ್ಷೆ, ಇಲಾಖೆಯ ಹಿರಿಯ ಅಧಿಕಾರಿಣಿ, ಕನ್ನಡಕ ತೆಗೆದಿಟ್ಟು ನಕ್ಕುಬಿಟ್ಟರು. ಕೆಲಸ ಸಿಕ್ಕಿತು.

ಸಿಕ್ಕ ಮೇಲೆ ಶುರುವಾಯಿತು ಅಸಲೀ ಪಾಡು. ಬೇರೆ ಬೇರೆ ಊರುಗಳಲ್ಲಿ ಅವರ ಕೆಳಗೆ ಕೆಲಸ ಮಾಡುವವರಿದ್ದಾರೆ. ಲಾರಿ ನಿಲ್ದಾಣವನ್ನು ಮಾತ್ರ ತಾವೇ ಇಟ್ಟುಕೊಂಡರು. ದೂರದ ಸರಕು ಹೊರುವವರಲ್ಲಿ ಎಚ್ಚರದ ಮಾತ್ರೆಯ ಬಳಕೆ ಹೆಚ್ಚುತ್ತಿದೆ ಎಂಬ ಸುಳಿವು ಆಸ್ಪತ್ರೆಯಲ್ಲೇ ಸಿಕ್ಕಿತ್ತು. ಚೀಟಿಯಿಲ್ಲದೆ, ಹೆಸರಿಲ್ಲದ ಪೊಟ್ಟಣದಲ್ಲಿ ಬರುವ ಮಾಲು ಅದು. ಮೊದಲ ದಿನಗಳಲ್ಲಿ ಅವರನ್ನು ಕಂಡರೆ ಚಾಲಕರು ಕ್ಯಾಬಿನ್ನಿನ ಬಾಗಿಲೆಳೆದುಕೊಳ್ಳುತ್ತಿದ್ದರು. ಪೊಲೀಸರ ಕಡೆಯವರೆಂದರು ಕೆಲವರು, ಇನ್ಶೂರೆನ್ಸ್ ಏಜೆಂಟ್ ಎಂದರು ಹಲವರು. ಒಬ್ಬ ಬ್ರಹ್ಮಚಾರಿ ಮಾತ್ರ ತಾನಾಗಿ ಬಂದು, “ಹೆಣ್ಣು ತೋರಿಸ್ತೀರಂತಲ್ಲ?” ಎಂದು ನಾಚಿಕೊಂಡು ಕೇಳಿದ. ಮದುವೆ ದಲ್ಲಾಳಿ ಎಂದುಕೊಂಡಿದ್ದ ಪುಣ್ಯಾತ್ಮ.

ಕೊನೆಗೆ ಕೈಹಿಡಿದವರು ಪಂಕ್ಚರ್ ಅಂಗಡಿಯ ಯಜಮಾನರು. ಎಲ್ಲರೂ ಅವರನ್ನು ಟ್ಯೂಬಣ್ಣ ಎನ್ನುತ್ತಾರೆ. ವಾರಗಟ್ಟಲೆ ಬಿಸಿಲಲ್ಲಿ ನಿಂತು ಹೋಗುತ್ತಿದ್ದ ಹೆಂಗಸನ್ನು ನೋಡಿ ನೋಡಿ ಒಂದು ದಿನ, “ಏನಮ್ಮಾ, ಗಾಡಿ ಕಾಯ್ತಾ ಇದೀರಾ, ಮನುಷ್ಯರನ್ನ ಕಾಯ್ತಾ ಇದೀರಾ?” ಎಂದರು. ಮನುಷ್ಯರನ್ನು ಎಂದು ಉತ್ತರ ಬಂದದ್ದೇ ಟೈರುಗಳನ್ನು ಹೊರಗೆಸೆದು ಕೋಣೆ ಬಿಡಿಸಿಕೊಟ್ಟರು. “ಬೆಳಗಿನ ಜಾವ ಬನ್ನಿ. ಗುಳಿಗೆಯ ಜೋರು ಇಳಿಯೋ ಹೊತ್ತಿಗೆ ಇವರಿಗೆ ನಿದ್ದೆ ಬರಲ್ಲ, ಮಾತು ಬರುತ್ತೆ” ಎಂದರು. ಅಂದಿನಿಂದ ಕೇಳಮ್ಮನ ದಿನ ಕೋಳಿ ಕೂಗುವ ಮೊದಲೇ ಶುರು. ದಿನಕ್ಕೆ ನಾಲ್ವರು, ಹೆಚ್ಚೆಂದರೆ ಐವರು. ಅದಕ್ಕಿಂತ ಹೆಚ್ಚಾದರೆ ಕಿವಿ ಕೇಳಿದರೂ ಮನಸ್ಸು ಕೇಳುವುದಿಲ್ಲ ಎನ್ನುತ್ತಾರೆ. ಮಧ್ಯಾಹ್ನ ಇಲಾಖೆಯ ಕಚೇರಿ. ಬೇರೆ ಊರುಗಳಿಂದ ಬಂದದ್ದನ್ನು ಓದುವುದು, ಹೊಂದಿಸುವುದು. ಸಂಜೆ ಮನೆ. ಅವರ ಮನೆಯವರು ದರ್ಜಿ. “ಇವಳು ಬಂದ ಕೂಡಲೇ ಮಾತಾಡಿಸಬಾರದು. ಕಿವಿ ತುಂಬ್ಕೊಂಡು ಬಂದಿರ್ತಾಳೆ, ಒಂದಿಷ್ಟು ಹೊತ್ತು ಮಿಷನ್ ಸದ್ದು ಕೇಳಿಸಿದ್ರೆ ಸರಿಹೋಗ್ತಾಳೆ” ಎನ್ನುತ್ತಾರೆ ಆತ, ದಾರ ಪೋಣಿಸುತ್ತಲೇ.

ಕೋಣೆಗೆ ಬಂದವರಿಗೆಲ್ಲ ಕೇಳಮ್ಮ ಮೊದಲು ಹೇಳುವ ಮಾತು ಒಂದೇ. “ನಿಮ್ಮ ಹೆಸರು ನನಗೆ ಬೇಡ. ಇಷ್ಟ ಇಲ್ಲದ್ದಕ್ಕೆ ಉತ್ತರ ಬೇಡ. ಇಲ್ಲಿ ಆಡಿದ್ದು ನಿಮ್ಮ ಮಾತು ಅಂತ ಈ ಬಾಗಿಲು ದಾಟಿ ಹೋಗಲ್ಲ.” ಸಾವಿರ ಸಲ ಹೇಳಿದ್ದರೂ ಒಂದಕ್ಷರ ನುಂಗುವುದಿಲ್ಲ.

ಆ ಮಾತು ಅವರ ಸ್ವಂತ ಮನೆಯನ್ನೇ ಅಲ್ಲಾಡಿಸಿದ್ದು ಹೋದ ವರ್ಷ.

ಚಾಲಕರು ಎಚ್ಚರದ ಮಾತ್ರೆಗೆ ‘ಎರಡನೇದು’ ಎನ್ನುತ್ತಾರೆ. ಹಿಂದೆ ದೂರದ ಗಾಡಿಗಳಲ್ಲಿ ಇಬ್ಬರು ಚಾಲಕರಿರುತ್ತಿದ್ದರು. ಒಬ್ಬ ಓಡಿಸಿದರೆ ಇನ್ನೊಬ್ಬ ಮಲಗುತ್ತಿದ್ದ. ಮಾಲೀಕರು ಎರಡನೆಯವನನ್ನು ತೆಗೆದರು, ತಲುಪಬೇಕಾದ ಹೊತ್ತನ್ನು ಹಾಗೇ ಉಳಿಸಿಕೊಂಡರು. ಖಾಲಿಯಾದ ಆ ಸೀಟಿನಲ್ಲಿ ಮಾತ್ರೆ ಬಂದು ಕೂತಿತು. ಹೀಗಾಗಿ ಅದು ‘ಎರಡನೇದು’.

ಆ ದಿನ ಬೆಳಿಗ್ಗೆ ಕೇಳಮ್ಮ ಟೀ ಬಗ್ಗಿಸುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ತಲೆಯೆತ್ತಿದರೆ ಭಾವ, ಅವರ ಒಡಹುಟ್ಟಿದ ಅಕ್ಕನ ಗಂಡ. ಇಬ್ಬರ ಸಂಬಂಧ ತಿಳಿಯದ ಟ್ಯೂಬಣ್ಣ, ಕಣ್ಣು ಕೆಂಪಾಗಿ ನಿಂತಿದ್ದ ಚಾಲಕನನ್ನು “ಒಳಗೆ ಹೋಗಿ, ಮನಸ್ಸು ಹಗುರ ಆಗುತ್ತೆ” ಎಂದು ಕಳಿಸಿದ್ದರು. ನಾದಿನಿ ಯಾವುದೋ ಇಲಾಖೆಯ ಕೆಲಸ ಮಾಡುತ್ತಾಳೆ ಎಂದಷ್ಟೇ ಭಾವನಿಗೆ ಗೊತ್ತಿತ್ತು. ಆತ ತಿರುಗಿ ಹೊರಟ.

“ಭಾವ, ಟೀ ಕುಡ್ಕೊಂಡು ಹೋಗಿ” ಎಂದರು ಕೇಳಮ್ಮ. ಬೇರೇನೂ ತೋಚಲಿಲ್ಲವಂತೆ.

ಈ ಭಾವ ಬರೀ ಭಾವನಲ್ಲ. ತಂದೆ ತೀರಿಕೊಂಡಾಗ ಕೇಳಮ್ಮ ಇನ್ನೂ ಶಾಲೆಯ ಹುಡುಗಿ. ಹೊಸದಾಗಿ ಮದುವೆಯಾಗಿದ್ದ ಅಕ್ಕ, ತಂಗಿಯನ್ನೂ ಜೊತೆಗೆ ಕರೆತಂದರು. ಭಾವ ಒಂದು ದಿನವೂ ಮುಖ ಗಂಟಿಕ್ಕಲಿಲ್ಲ. ಔಷಧಿಯ ಕೋರ್ಸಿಗೆ ಪರೀಕ್ಷೆ ಬರೆಯಲು ದೂರದ ಪಟ್ಟಣಕ್ಕೆ ಹೋಗಬೇಕಾದಾಗ ತನ್ನ ಲಾರಿಯ ಕ್ಯಾಬಿನ್ನಿನಲ್ಲೇ ಕೂರಿಸಿಕೊಂಡು ಹೋದ. ದಾರಿಯುದ್ದಕ್ಕೂ ಹಸಿಮೆಣಸಿನಕಾಯಿ ಕಚ್ಚಿಕೊಂಡು, ಗಂಟಲು ಹರಿಯುವಂತೆ ಹಾಡಿಕೊಂಡು ಎಚ್ಚರವಾಗಿದ್ದ. “ಶ್ರುತಿ ಅಂದ್ರೆ ಏನು ಅಂತಾನೇ ಗೊತ್ತಿಲ್ಲದ ಗಂಟಲು. ಆದ್ರೆ ಅಷ್ಟು ನೆಮ್ಮದಿಯಾಗಿ ನಾನು ಯಾವ ಹಾಡೂ ಕೇಳಿಲ್ಲ” ಎನ್ನುತ್ತಾರೆ ಕೇಳಮ್ಮ.

ಅದೇ ಭಾವ ಈಗ ಪಕ್ಕದ ಕುರ್ಚಿಯಲ್ಲಿ ಕೂತು ಲೋಟ ಹಿಡಿದರೆ ಟೀ ತುಳುಕುತ್ತಿತ್ತು.

“ಬಂದವರಿಗೆಲ್ಲ ಏನೋ ಒಂದು ಮಾತು ಕೊಡ್ತೀಯಂತಲ್ಲ, ನನಗೂ ಕೊಡ್ತೀಯಾ?” ಎಂದು ಕೇಳಿದ ಭಾವ.

ನಾನು ನಿಮ್ಮ ಮನೆಯವಳು, ಬೇರೆ ಯಾರನ್ನಾದರೂ ಕರೆಸುತ್ತೇನೆ, ಅವರ ಹತ್ತಿರ ಮಾತಾಡಿ ಎಂದರು ಕೇಳಮ್ಮ. ಭಾವ ಬೇಡವೆಂದು ತಲೆಯಾಡಿಸಿದ. “ಬೇರೆಯವರ ಹತ್ರ ಬಾಯಿ ಬರಲ್ಲ ನನಗೆ. ನಿನ್ನ ಹತ್ರವೂ ನಾಳೆ ಬರುತ್ತೋ ಇಲ್ವೋ.”

ಕೇಳಮ್ಮ ಎಂದಿನ ಮಾತನ್ನೇ ಹೇಳಿದರು, ಒಂದಕ್ಷರ ಬಿಡದೆ.

“ನಿಮ್ಮಕ್ಕನಿಗೂ ಹೇಳಲ್ಲ ತಾನೇ?”

“ಅಕ್ಕನಿಗೂ ಹೇಳಲ್ಲ.”

ಆಮೇಲೆ ಭಾವ ಬಾಗಿಲಾಚೆಯ ಗಾಡಿಗಳನ್ನು ನೋಡುತ್ತಾ ಎಲ್ಲವನ್ನೂ ಹೇಳಿದ. ಮೊದಲು ಒಂದು ಮಾತ್ರೆ ಸಾಕಾಗುತ್ತಿತ್ತು. ಈಗ ಲೆಕ್ಕ ತಪ್ಪಿದೆ. ಮನೆಯಲ್ಲಿ ಮಲಗಿದರೂ ಕಾಲು ಬ್ರೇಕ್ ತುಳಿಯುತ್ತದೆ. ಕಳೆದ ವಾರ ಖಾಲಿ ರಸ್ತೆಯಲ್ಲಿ ಒಬ್ಬ ಮುದುಕ ಅಡ್ಡ ಬಂದ. ಗಾಡಿ ಅಡ್ಡಡ್ಡ ಜಾರುವಂತೆ ಬ್ರೇಕ್ ಹಾಕಿ ಇಳಿದು ನೋಡಿದರೆ ಅಲ್ಲಿ ಮುದುಕನೂ ಇಲ್ಲ, ನಾಯಿಯೂ ಇಲ್ಲ. “ಇಲ್ಲದವನು ಕಂಡ ಸರಿ. ನಾಳೆ ಇರೋವನು ಕಾಣದೇ ಹೋದ್ರೆ?” ಎಂದು ಕೇಳಿದ.

ಆ ಮಾತುಕತೆಯನ್ನು ಕೇಳಮ್ಮ ಅಧ್ಯಯನಕ್ಕೆ ಸೇರಿಸಲಿಲ್ಲ. ಸ್ವಂತದವರನ್ನು ಸೇರಿಸುವುದು ಸರಿಯಲ್ಲ ಎಂಬುದು ಆ ಕೆಲಸದ ನಿಯಮ. ಆದರೆ ಕೊಟ್ಟ ಮಾತು ಮಾತೇ. “ನುಂಗೋ ಹಾಗಿಲ್ಲ, ಉಗುಳೋ ಹಾಗಿಲ್ಲ. ಮಾತು ಕೊಟ್ಟಾಗಿತ್ತು. ಅದೇ ರಸ್ತೇಲಿ ಸ್ಕೂಲು ಮಕ್ಕಳು ನಡೀತಾರೆ ಅನ್ನೋದೂ ಗೊತ್ತಿತ್ತು” ಎಂದು ಅವರು ಈಗಲೂ ಆ ಬೆಳಗನ್ನು ನೆನೆದು ಕೈ ಹಿಸುಕಿಕೊಳ್ಳುತ್ತಾರೆ. ಇವತ್ತು ಗಾಡಿ ಎತ್ತಬೇಡಿ ಎಂದು ಭಾವನನ್ನು ಬೇಡಿಕೊಂಡರು. ಮಧ್ಯಾಹ್ನದೊಳಗೆ ಸರಕು ಮುಟ್ಟಿಸದಿದ್ದರೆ ಮಾಲೀಕ ಸುಮ್ಮನಿರುತ್ತಾನಾ ಎಂದ ಆತ. ಹೊರಗೆ ಬಂದರೆ ಲಾರಿಯ ಹಿಂದಿನ ಎರಡು ಟೈರು ನೆಲಕ್ಕೆ ಕೂತಿವೆ. ಟ್ಯೂಬಣ್ಣ ಪಕ್ಕದಲ್ಲಿ ನಿಂತು ಬೀಡಿ ಹಚ್ಚುತ್ತಿದ್ದಾರೆ.

“ಏನು ಮಾಡೋದು, ಎರಡೂ ಒಟ್ಟಿಗೇ ಹೋಗಿವೆ. ಸಂಜೆ ಆಗುತ್ತೆ ರಿಪೇರಿ. ಅಲ್ಲೀವರೆಗೂ ಒಳಗೆ ಬಿದ್ಕೊಳ್ಳಿ” ಎಂದರು.

ಹೇಳಲು ಇಷ್ಟವಿಲ್ಲದಿದ್ದರೂ ಟ್ಯೂಬಣ್ಣ ಈಗ ಒಪ್ಪಿಕೊಳ್ಳುತ್ತಾರೆ. “ಅಮ್ಮ ನನಗೇನೂ ಹೇಳಲಿಲ್ಲ, ನಾನೂ ಏನೂ ಕೇಳಲಿಲ್ಲ. ಆಯಪ್ಪನ ಕೈ ನಡುಗೋದು ನೋಡಿದ್ದೆ. ವಾಲ್ವ್ ಪಿನ್ ತೆಗೆದೆ, ಅಷ್ಟೇ. ನಲವತ್ತು ವರ್ಷದಿಂದ ಗಾಳಿ ತುಂಬಿದೀನಿ, ಒಂದು ದಿನ ತೆಗೆದ್ರೆ ಏನಾಯ್ತು?”

ಭಾವ ಸಂಜೆಯವರೆಗೆ ಟೈರುಗಳ ನಡುವೆ ಸತ್ತವನಂತೆ ಮಲಗಿದ. ಎದ್ದ ಮೇಲೆ ಕೇಳಮ್ಮ ಆಸ್ಪತ್ರೆಯ ವೈದ್ಯರ ಹತ್ತಿರ ಹೋಗಲು ಒಪ್ಪಿಸಿದರು. ಒಂದು ವಾರ ಮಾತ್ರೆ ಬಿಟ್ಟದ್ದೂ ಆಯಿತು. ಆಮೇಲೆ ದೂರದ ಒಂದು ಲೋಡು ಬಂತು, ಮತ್ತೆ ಹಿಡಿದ. ಮತ್ತೆ ಬಿಟ್ಟ, ಮತ್ತೆ ಹಿಡಿದ. ಕೇಳಮ್ಮ ದಿನವೂ ಸಂಜೆ ಫೋನ್ ಮಾಡುತ್ತಿದ್ದರು. ಹೆಂಡತಿಗೆ ನೀವೇ ಹೇಳಿ, ಮನೆಯವರು ಜೊತೆಗಿಲ್ಲದೆ ಇದು ಬಿಡುವಂಥದ್ದಲ್ಲ ಎಂದು ಹೇಳುತ್ತಿದ್ದರು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಆತ ಹಿತ್ತಲಲ್ಲಿ ನಿಂತು ಪಿಸುಗುಡುತ್ತಿದ್ದ.

ಅಕ್ಕ ಕಣ್ಣು ಮುಚ್ಚಿಕೊಂಡು ಕೂರುವವರಲ್ಲ. ಗಂಡ ಮನೆಗೆ ಬಂದರೆ ಗೋಡೆ ನೋಡುತ್ತಾನೆ, ಸಣ್ಣದಕ್ಕೂ ಸಿಡುಕುತ್ತಾನೆ, ಸಂಜೆಯಾದರೆ ಹಿತ್ತಲಿಗೆ ಹೋಗಿ ಯಾರ ಜೊತೆಗೋ ಗುಸುಗುಸು. ಒಂದು ದಿನ ಬಟ್ಟೆ ತರುವ ನೆಪದಲ್ಲಿ ಹಿಂದೆಯೇ ಹೋದವರ ಕಿವಿಗೆ ಒಂದೇ ಮಾತು ಬಿತ್ತು. “ಎರಡನೇದನ್ನ ಬಿಡೋಕೆ ಆಗ್ತಾ ಇಲ್ಲ ನನಗೆ.”

ಅಕ್ಕ ಆ ರಾತ್ರಿ ಒಲೆ ಹಚ್ಚಲಿಲ್ಲ. ಮರುದಿನ ನೇರ ತಂಗಿಯ ಮನೆಗೆ ಬಂದು ಮಡಿಲಲ್ಲಿ ತಲೆಯಿಟ್ಟು ಅತ್ತರು. “ಆ ರಸ್ತೆಯ ಕೊನೇಲಿ ಎಲ್ಲೋ ಎರಡನೇ ಸಂಸಾರ ಮಾಡಿದಾರೆ ಕಣೇ. ಫೋನಿನಲ್ಲಿ ದಿನಾ ಅವಳ ಜೊತೆಗೇ ಮಾತು. ಈ ವಯಸ್ಸಲ್ಲಿ ನನ್ನ ಗತಿ ನೋಡು.”

ಫೋನಿನ ಆ ಕಡೆ ಇದ್ದದ್ದು ತಾನೇ ಎಂದು ಕೇಳಮ್ಮ ಹೇಗೆ ಹೇಳುತ್ತಾರೆ? ಒಂದೇ ಒಂದು ವಾಕ್ಯ ಸಾಕಿತ್ತು, ಅಕ್ಕನ ಅಳು ನಿಲ್ಲುತ್ತಿತ್ತು. “ಅಂಥದ್ದೇನೂ ಇರಲ್ಲ, ಭಾವನ್ನೇ ಕೂರಿಸಿಕೊಂಡು ಕೇಳಕ್ಕಾ” ಎಂದಷ್ಟೇ ಹೇಳಿ ತಲೆ ಸವರಿದರು. ಅಕ್ಕ ಹೋದ ಮೇಲೆ ಭಾವನಿಗೆ ಫೋನ್ ಮಾಡಿ ಜೀವನದಲ್ಲೇ ಮೊದಲ ಸಲ ಆತನ ಮೇಲೆ ಕೂಗಾಡಿದರು.

ಅಷ್ಟಾದರೂ ಭಾವ ಬಾಯಿ ಬಿಡಲಿಲ್ಲ. ಬಿಡಿಸಿದ್ದು ಅಕ್ಕನ ಹಟ. ಒಂದು ಬೆಳಿಗ್ಗೆ ಭಾವ ಲೋಡು ತೆಗೆದುಕೊಂಡು ಹೊರಡಲು ಕ್ಯಾಬಿನ್ನಿನ ಬಾಗಿಲು ತೆಗೆದರೆ ಒಳಗೆ ಹೆಂಡತಿ ಆಗಲೇ ಏರಿ ಕೂತಿದ್ದಾರೆ. ಮಡಿಲಲ್ಲಿ ಬಟ್ಟೆಯ ಗಂಟು, ತಲೆಗೆ ಬಿಗಿದ ಶಾಲು.

“ನಡೀರಿ. ನಾನೂ ನೋಡ್ಕೊಂಡು ಬರ್ತೀನಿ ಅವಳನ್ನ. ಜಗಳ ಆಡಲ್ಲ, ಮುಖ ನೋಡಬೇಕು ಅಷ್ಟೇ.”

ಆ ಪ್ರಯಾಣದ ಕಥೆಯನ್ನು ಅಕ್ಕ ಈಗ ನಗುತ್ತಲೇ ಹೇಳುತ್ತಾರೆ. ಪಕ್ಕದಲ್ಲಿ ಹೆಂಡತಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದರಿಂದ ಭಾವನಿಗೆ ಜೇಬಿನಲ್ಲಿದ್ದ ಮಾತ್ರೆಗೆ ಕೈಹಾಕಲು ಆಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೆವರು. ಬಿಸಿಲಿಳಿಯುವ ಹೊತ್ತಿಗೆ ಸ್ಟೇರಿಂಗ್ ಹಿಡಿದ ಕೈ ಅದುರತೊಡಗಿತು. ಕಾಲುವೆಯ ಪಕ್ಕ, ಒಂದು ಮರದ ಕೆಳಗೆ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದ.

“ಇಲ್ಲೇನಾ ಅವಳಿರೋದು?” ಎಂದು ಅಕ್ಕ ಸುತ್ತ ನೋಡಿದರು. ಮನೆಯಿರಲಿ, ಗುಡಿಸಲೂ ಇರಲಿಲ್ಲ.

ಭಾವ ಜೇಬಿನಿಂದ ಪೊಟ್ಟಣ ತೆಗೆದು ಮುಂದಿನ ಗಾಜಿನ ಕೆಳಗಿಟ್ಟ. “ನೋಡು, ಇವಳೇ” ಎಂದ.

“ಮೊದಲು ನನಗೆ ನಗು ಬಂತು ಕಣ್ರೀ” ಎನ್ನುತ್ತಾರೆ ಅಕ್ಕ. “ಸದ್ಯ, ಸವತಿ ಇಲ್ವಲ್ಲ ಅಂತ. ಆಮೇಲೆ ಅವರ ಕೈ ನೋಡಿದೆ. ಮೂವತ್ತೈದು ವರ್ಷ ಆ ಕೈಯಲ್ಲಿ ಗಾಡಿ ಒಂದು ಗೆರೆ ಆಚೆ ಈಚೆ ಹೋಗಿರಲಿಲ್ಲ. ಆ ಕೈ ಹಿಡ್ಕೊಂಡು ಅತ್ತೆ. ಅವರೂ ಅತ್ತರು. ಹಿಂದೆ ಬಂದ ಗಾಡಿಯವನು ಏನು ಆಕ್ಸಿಡೆಂಟಾ ಅಂತ ಇಳಿದು ಬಂದ.”

ಆ ಗಾಡಿಯವನೇ ಮಾಲೀಕನಿಗೆ ಫೋನ್ ಮಾಡಿ ಬೇರೆ ಚಾಲಕನನ್ನು ಕರೆಸಿದ. ಬಸ್ಸು ಹಿಡಿದು ಊರಿಗೆ ಮರಳುವಾಗ ಅಕ್ಕ ಒಂದು ಪ್ರಶ್ನೆ ಕೇಳಿದರು. “ಇದು ಬೇರೆ ಯಾರಿಗೆ ಗೊತ್ತು?”

“ನಿನ್ನ ತಂಗಿಗೆ” ಎಂದ ಭಾವ.

ಬಸ್ಸಿಳಿದ ಅಕ್ಕ ಮನೆಗೆ ಹೋಗಲಿಲ್ಲ. ತಂಗಿಯ ಮನೆಯ ಹೊಸ್ತಿಲಿಗೆ ಬಂದು ನಿಂತರು. ಒಳಗೆ ಕಾಲಿಡಲಿಲ್ಲ.

“ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ನಾನು ನಿನ್ನ ಮಡಿಲಲ್ಲಿ ತಲೆಯಿಟ್ಟು ಅತ್ತಾಗಲೂ?”

“ಆಗಲೂ.”

“ಒಂದೇ ಹೊಟ್ಟೇಲಿ ಹುಟ್ಟಿದವಳೇನೇ ನೀನು?” ಎಂದು ಕೇಳಿ ಅಕ್ಕ ತಿರುಗಿ ನಡೆದರು. ಕೇಳಮ್ಮ ಸಮಜಾಯಿಷಿ ಕೊಡಲು ಹೋಗಲಿಲ್ಲ. ಮಿಷನ್ ಮುಂದೆ ಕೂತಿದ್ದ ಗಂಡ ಎದ್ದು ಬಂದು, ಹೋಗಿ ಸಮಾಧಾನ ಮಾಡು ಎಂದರೂ ಕದಲಲಿಲ್ಲ. “ಏನಂತ ಹೇಳಲಿ? ಅವಳ ಸಿಟ್ಟು ನ್ಯಾಯವಾಗಿತ್ತು. ನಾನು ಮಾಡಿದ್ದೂ ನ್ಯಾಯವಾಗಿತ್ತು. ಎರಡು ನ್ಯಾಯ ಎದುರುಬದುರು ನಿಂತ್ರೆ ಯಾರಾದ್ರೂ ಒಬ್ಬರು ಸುಮ್ಮನಿರಬೇಕು.”

ಅಕ್ಕ ಆರೇಳು ತಿಂಗಳು ಮಾತು ಬಿಟ್ಟರು. ದಾರಿಯಲ್ಲಿ ಸಿಕ್ಕರೆ ಆ ಬದಿಗೆ ಹೋಗುವರು. ಮೊಮ್ಮಗಳ ಹುಟ್ಟಿದ ದಿನಕ್ಕೆ ಎಲ್ಲರನ್ನೂ ಕರೆದರು, ತಂಗಿಯನ್ನು ಬಿಟ್ಟು. ಭಾವ ಮಾತ್ರ ವಾರಕ್ಕೊಮ್ಮೆ ಆಸ್ಪತ್ರೆಗೆ ಹೋದಾಗ ಫೋನ್ ಮಾಡುತ್ತಿದ್ದ, ಈಗ ಹಿತ್ತಲಿನಿಂದಲ್ಲ. ಮಾತ್ರೆ ಬಿಟ್ಟ ಮೊದಲ ದಿನಗಳು ನರಕವಾಗಿದ್ದವು ಎನ್ನುತ್ತಾನೆ. ಹಗಲೂ ರಾತ್ರಿ ನಿದ್ದೆ, ಎದ್ದರೆ ಯಾವುದೂ ಬೇಡವೆನ್ನಿಸುವ ಮಂಕು. ಅಕ್ಕ ತುತ್ತು ಮಾಡಿ ತಿನ್ನಿಸಿದರು, ಬೈದು ಎಬ್ಬಿಸಿದರು, ವೈದ್ಯರ ಮುಂದೆ ತಾವೇ ಮೊದಲು ಹೋಗಿ ಕೂತರು. ಈಗ ಭಾವ ಊರೊಳಗೆ ನೀರಿನ ಟ್ಯಾಂಕರ್ ಓಡಿಸುತ್ತಾನೆ. ಸಂಜೆ ಮನೆ. “ಮೆಣಸಿನಕಾಯಿಯ ಅಗತ್ಯವೂ ಇಲ್ಲ. ಹಾಡ್ತೀನಿ, ಆದ್ರೆ ಅದು ಚಪಲಕ್ಕೆ” ಎನ್ನುವ ಆತ, ಇದನ್ನೆಲ್ಲ ಪತ್ರಿಕೆಗೆ ಹೇಳಲು ಮೊದಲು ಒಪ್ಪಿಕೊಂಡವನು. “ಬರೀಲಿ ಬಿಡು, ಜೇಬಿನಲ್ಲಿಟ್ಟುಕೊಂಡು ಓಡಿಸ್ತಿರೋ ಒಬ್ಬನಾದ್ರೂ ಓದಲಿ” ಎಂದು ಹೆಂಡತಿಯನ್ನೂ ನಾದಿನಿಯನ್ನೂ ಒಪ್ಪಿಸಿದ.

ಅಷ್ಟರಲ್ಲಿ ಕೇಳಮ್ಮನ ವರದಿ ಮುಗಿದಿತ್ತು. ಚಾಲಕರು ಏನು ನುಂಗುತ್ತಾರೆ ಎಂಬುದಕ್ಕಿಂತ ಎಷ್ಟು ಹೊತ್ತು ನಿದ್ದೆಗೆಡುತ್ತಾರೆ ಎಂಬುದನ್ನೇ ಅವರು ಮುಂದಿಟ್ಟಿದ್ದರು. ಮಾತ್ರೆ ಮಾರುವವನನ್ನು ಹಿಡಿದರೆ ಇನ್ನೊಬ್ಬ ಬರುತ್ತಾನೆ. ಎರಡನೇ ಚಾಲಕ ವಾಪಸು ಬಂದರೆ ಮಾತ್ರೆಗೆ ಸೀಟು ಇರುವುದಿಲ್ಲ. ಇದು ಅವರ ವಾದ. ಆ ಅಧ್ಯಾಯ ಸಾರಿಗೆ ಇಲಾಖೆಗೆ ಸೇರಿದ್ದು ಎಂದು ಆರೋಗ್ಯ ಇಲಾಖೆಯ ಕೆಲವರು ಅದನ್ನು ಅನುಬಂಧಕ್ಕೆ ತಳ್ಳಿದರು. ಹಿರಿಯ ಅಧಿಕಾರಿಣಿ ಒಂದನ್ನು ಮಾತ್ರ ಬಿಡದೆ ಹಿಡಿದು ಮಾಡಿಸಿದರು. ನಿಲ್ದಾಣದಲ್ಲಿ ಈಗ ಮಂಚಗಳಿರುವ ಒಂದು ವಿಶ್ರಾಂತಿ ಕೋಣೆ ಇದೆ, ದಪ್ಪ ಪರದೆಗಳಿವೆ, ವಾರಕ್ಕೆರಡು ದಿನ ವೈದ್ಯರು ಬರುತ್ತಾರೆ. ಮೊದಮೊದಲು ಅಲ್ಲಿ ಇಸ್ಪೀಟು ನಡೆಯಿತು. ಈಗ ಗೊರಕೆ ಕೇಳಿಸುತ್ತದೆ. ವರದಿಯ ಮುಖಪುಟದಲ್ಲಿ ಕೇಳಮ್ಮನ ಹೆಸರಿಲ್ಲ, ‘ಸಲಹೆಗಾರರ ನೆರವಿನಿಂದ’ ಎಂದಿದೆ. ಬೇಸರವಿಲ್ಲವೇ ಎಂದರೆ, “ನಾನು ಯಾರ ಹೆಸರೂ ಕೇಳಲಿಲ್ಲ, ಅವರು ನನ್ನದು ಕೇಳಲಿಲ್ಲ. ಚುಕ್ತಾ” ಎನ್ನುತ್ತಾರೆ.

ಕರಾರು ಇನ್ನೊಂದು ವರ್ಷ ಮುಂದುವರಿದಿದೆ. ಲಾರಿ ನಿಲ್ದಾಣದ ಬೆಳಗು ಹಾಗೇ ಇದೆ, ಜೊತೆಗೆ ಈ ಸಲ ಮನೆಯೊಳಗಿನ ಹೆಂಗಸರ ಸರದಿ. ನಿದ್ದೆ ಬರಲೆಂದು, ನೋವು ಮರೆಯಲೆಂದು ಚೀಟಿಯಿಲ್ಲದೆ ಮಾತ್ರೆ ತರಿಸಿಕೊಳ್ಳುವವರು ಎಷ್ಟೋ ಮಂದಿ. ಅವರನ್ನು ಮಾತಾಡಿಸುವುದು ಚಾಲಕರನ್ನು ಮಾತಾಡಿಸಿದಷ್ಟು ಸುಲಭವಲ್ಲ. ಬಡಾವಣೆಯ ಗ್ರಂಥಾಲಯದ ಮಹಡಿಯಲ್ಲಿ ವಾರದಲ್ಲಿ ಕೆಲವು ಮಧ್ಯಾಹ್ನ ಕೋಣೆ ಸಿಕ್ಕಿತು, ಆದರೆ ವಾರಗಟ್ಟಲೆ ಒಂದು ನರಪಿಳ್ಳೆಯೂ ಹತ್ತಿ ಬರಲಿಲ್ಲ. ಇಲ್ಲಿ ಹೇಳಿದ್ದು ನಾಳೆ ನಲ್ಲಿಯ ಹತ್ತಿರ ಹರಡಿದರೆ ಎಂಬ ಭಯ ಅವರಿಗೆ. ಕೇಳಮ್ಮ ಖಾಲಿ ಕುರ್ಚಿಯ ಪಕ್ಕ ಕೂತು ಕೂತು ಮಂಡಿ ಮರಗಟ್ಟಿಸಿಕೊಂಡು ಬರುತ್ತಿದ್ದರು.

ಹಾಗೆ ಕೂತಿದ್ದ ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಮುಂದೆ ಅಕ್ಕ. ಹಿಂದೆ, ಮುಖ ತಗ್ಗಿಸಿಕೊಂಡ ಇನ್ನೊಬ್ಬ ಹೆಂಗಸು. ಭಾವನ ಜೊತೆ ದುಡಿಯುತ್ತಿದ್ದ ಚಾಲಕನೊಬ್ಬನ ಹೆಂಡತಿ. ಅಕ್ಕ ತಂಗಿಯ ಮುಖ ನೋಡಲಿಲ್ಲ. ಬಾಗಿಲಲ್ಲೇ ನಿಂತು ಆ ಹೆಂಗಸಿಗೆ ಹೇಳಿದರು.

“ಹೋಗು, ಹೆದರಬೇಡ. ನನ್ನ ಗಂಡನ ವಿಷಯ ನನಗೇ ಹೇಳಲಿಲ್ಲ ಇವಳು. ಮಡಿಲಲ್ಲಿ ತಲೆಯಿಟ್ಟು ಅತ್ತರೂ ಹೇಳಲಿಲ್ಲ. ನಿಂದು ಯಾರಿಗೆ ಹೇಳ್ತಾಳೆ?”

ಅಷ್ಟು ಹೇಳಿ ಹೊರಗಿನ ಬೆಂಚಿನ ಮೇಲೆ ಬೆನ್ನು ತಿರುಗಿಸಿ ಕೂತರು. ಆ ಹೆಂಗಸಿನ ಮಾತು ಮುಗಿಯುವವರೆಗೂ ಕಾದಿದ್ದು, ಜೊತೆಗೆ ಕರೆದುಕೊಂಡು ಮೆಟ್ಟಿಲಿಳಿದರು. ಮರುವಾರ ಇನ್ನಿಬ್ಬರನ್ನು ಕರೆತಂದರು. ಈಗ ಮಹಡಿಯ ಬೆಂಚಿನ ಮೇಲೆ ಸರದಿ ಇರುತ್ತದೆ. ಅಕ್ಕ ಅಲ್ಲಿ ಕೂತು ಬಂದವರಿಗೆಲ್ಲ ಅದೇ ಮಾತು ಹೇಳುತ್ತಾರೆ, ಪ್ರತಿಸಲವೂ ಅಷ್ಟೇ ಸಿಟ್ಟಿನಿಂದ.

ತಂಗಿಯ ಜೊತೆ ಮಾತು ಶುರುವಾಗಿದೆ, ಆದರೆ ಅಳೆದು ತೂಗಿ. ಟೀ ಬೇಕಾ ಎಂದರೆ ಹ್ಞೂಂ, ಸಕ್ಕರೆ ಸಾಕಾ ಎಂದರೆ ಊಹೂಂ. ಕೇಳಮ್ಮನಿಗೆ ಅಷ್ಟು ಸಾಕು.

“ಅಕ್ಕ ಹೊರಗೆ ಕೂತು ಹೇಳೋದು ಹೊಗಳಿಕೆಯೋ ಬೈಗುಳವೋ ನಾನು ಕೇಳೋಕೆ ಹೋಗಿಲ್ಲ” ಎನ್ನುತ್ತಾರೆ ಅವರು, ಕುರ್ಚಿಯಿಂದ ನಿಧಾನವಾಗಿ ಏಳುತ್ತಾ. “ಎರಡೂ ಆಗಿರಲಿ. ಎರಡಕ್ಕೂ ನಾನು ಯೋಗ್ಯಳೇ.”